ಪಾಲಿಗೆ ಬಿಟ್ಟ ಬಂಡೆಪ್ಪ

ಗೊಲ್ಲಪ್ಪ ಸಾಮಾನ್ಯ ಮನುಷ್ಯನಲ್ಲ ಎಂದು ನನಗೆ ಖಚಿತವಾದದ್ದು ಅವನು ನಲವತ್ತನಾಲ್ಕು ಗೊಂಬೆಗಳಿಗೆ ರಜೆ ಗೊತ್ತುಮಾಡಿದ ದಿನ. ಒಂದೊಂದು ಗೊಂಬೆಯೂ ಹೆಬ್ಬೆರಳಿನಷ್ಟು ಎತ್ತರ. ಅವಕ್ಕೆ ಹೊಟ್ಟೆಯಿಲ್ಲ, ಹೆಂಡತಿಯಿಲ್ಲ, ರಜೆ ಹಾಕಿ ಹೋಗಬೇಕಾದ ಊರೂ ಇಲ್ಲ. ಆದರೂ ಅವನು, "ಸತತ ಎರಡು ಪಂದ್ಯ ಆಡಿದೋನಿಗೆ ಒಂದು ಪಂದ್ಯ ರೆಸ್ಟ್ ಕೊಡ್ಲೇಬೇಕು ಆರ್ಟಿಸ್ಟ್ರೇ. ನಮ್ಮ ಡ್ರೈವರ್‌ಗಳಿಗೆ ಕೊಡಲ್ವಾ?" ಎಂದಾಗ ನನ್ನ ಕೈಯಲ್ಲಿದ್ದ ಬ್ರಷ್ಷು ಹಾಗೇ ನಿಂತುಬಿಟ್ಟಿತು.

"ಹನ್ನೊಂದೂ ಜನ ಒಟ್ಟಿಗೇ ಎರಡು ಪಂದ್ಯ ಆಡಿರ್ತಾರಲ್ಲಪ್ಪ. ಎಲ್ರೂ ಒಟ್ಟಿಗೇ ರೆಸ್ಟಿಗೆ ಹೋದ್ರೆ ಮೂರನೇ ಪಂದ್ಯ ಆಡೋರ್ಯಾರು?" ಎಂದೆ.

ಗೊಲ್ಲಪ್ಪ ಸೂರು ನೋಡಿದ. ನೆಲ ನೋಡಿದ. "ಹೌದಲ್ವಾ" ಎಂದು ಆ ಸಾಲನ್ನು ಹೊಡೆದುಹಾಕಿದ. ತಪ್ಪನ್ನು ಇಷ್ಟು ಬೇಗ ಒಪ್ಪಿಕೊಳ್ಳುವವನನ್ನು ನಾನು ನಮ್ಮ ಹಿರಿಯೂರಿನಲ್ಲಿ ಇನ್ನೊಬ್ಬನನ್ನು ಕಂಡಿಲ್ಲ.

ನಾನು ಮುರುಗೇಶಪ್ಪ, ಬೋರ್ಡ್ ಬರೆಯುವವನು. ಹಿರಿಯೂರಿನ ಅರ್ಧ ಅಂಗಡಿಗಳ ಹೆಸರು ಒಂದು ಕಾಲಕ್ಕೆ ನನ್ನ ಕೈಬರಹದಲ್ಲಿತ್ತು. ಆಮೇಲೆ ಫ್ಲೆಕ್ಸ್ ಬಂತು. ನನ್ನ ಬ್ರಷ್ಷುಗಳು ಒಣಗುತ್ತ ಕೂತಿದ್ದಾಗ ಪಕ್ಕದ ಮನೆಯ ಗೊಲ್ಲಪ್ಪ ಒಂದು ಡಬ್ಬಿ ಬೂದು ಬಣ್ಣದ ಗೊಂಬೆಗಳನ್ನು ತಂದು, "ಇವಕ್ಕೆ ಬಣ್ಣ ಹಚ್ಚಿಕೊಡ್ರಿ" ಎಂದ. ಬಸ್ ನಿಲ್ದಾಣದಲ್ಲಿ ಯಾವ ಬಸ್ಸು ಎಷ್ಟು ಗಂಟೆಗೆ ಹೊರಡಬೇಕು ಎಂದು ನೋಡಿಕೊಂಡು, ಮೈಕಿನಲ್ಲಿ ಕೂಗಿ ಹೇಳುವ ಕೆಲಸ ಅವನದು.

ಗೊಂಬೆಗಳು ಬಂದದ್ದು ಚಿತ್ರದುರ್ಗದಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿರುವ ನಿರಂಜನ್ ಎಂಬುವನಿಂದ. ಅವನು ಎಲ್ಲಿಂದಲೋ ತರಿಸಿದ ಆಟ ಅದು. ಡಬ್ಬಿಯ ಮೇಲಿದ್ದ ಹೆಸರು ಯಾರ ನಾಲಿಗೆಗೂ ಹೊರಳಲಿಲ್ಲ, ನಾವು ರಾಕ್ಷಸ ಚೆಂಡು ಎಂದು ಕರೆದೆವು. ಮೇಜಿನ ಮೇಲೆ ಚೌಕಗಳ ರಟ್ಟು, ಅದೇ ಮೈದಾನ. ಆ ಕಡೆ ಹನ್ನೊಂದು, ಈ ಕಡೆ ಹನ್ನೊಂದು. ಡೈಸ್ ಹಾಕಿ ಓಡಿಸಬೇಕು, ಹೊಡೆಸಬೇಕು, ಚೆಂಡನ್ನು ಎದುರಾಳಿಯ ಗೆರೆ ದಾಟಿಸಬೇಕು. ಹೊಡೆತಕ್ಕೆ ಕಾಲು ಮುರಿಯಬಹುದು, ಪ್ರಾಣವೂ ಹೋಗಬಹುದು. ಚೆನ್ನಾಗಿ ಆಡಿದವನಿಗೆ ಬಲ ಹೆಚ್ಚುತ್ತದೆ. ಹೆಚ್ಚಿದ ಒಂದೊಂದು ಬಲಕ್ಕೂ ನಾನು ಅವನ ಕಾಲಡಿಯ ಪೀಠಕ್ಕೆ ಒಂದು ಕೆಂಪು ಬೊಟ್ಟು ಇಡುತ್ತೇನೆ. ಚೆಂಡು ಮಾತ್ರ ಮೊದಲ ವಾರವೇ ಕಳೆದುಹೋದ್ದರಿಂದ ಅದರ ಬದಲಿಗೆ ಒಂದು ಶೇಂಗಾ ಬೀಜ ಇಟ್ಟುಕೊಂಡಿದ್ದೆವು.

ಇಷ್ಟಕ್ಕೇ ನಿಂತಿದ್ದರೆ ನಾಲ್ಕು ಜನ ಭಾನುವಾರ ಕೂತು ಆಡಿಕೊಂಡು ಹೋಗುತ್ತಿದ್ದೆವು. ಆದರೆ ಗೊಲ್ಲಪ್ಪನಿಗೆ ಒಬ್ಬ ಮಾವ ಇದ್ದರು.

ಹೊಳಲ್ಕೆರೆಯ ಕರಿಯಣ್ಣನವರು ನಿವೃತ್ತ ಪಿ.ಟಿ. ಮೇಷ್ಟ್ರು. ಅವರ ಬಾಯಲ್ಲಿ ಹೊಗಳಿಕೆಯ ಮಾತು ಎಂದರೆ 'ಪರವಾಗಿಲ್ಲ' ಎಂಬುದೊಂದೇ. ಅದೂ ಅವರ ಮಗಳು ಲತಾ ಕೇಳಿದ್ದು ಎರಡೇ ಸಲ. ಒಮ್ಮೆ ಅವರ ಶಾಲೆಯ ಹುಡುಗನೊಬ್ಬ ಎಸೆದ ಗುಂಡು ಮೈದಾನ ದಾಟಿ ಹೆಡ್‌ಮೇಷ್ಟ್ರ ಸೈಕಲ್ಲಿನ ಮೇಲೆ ಬಿದ್ದಾಗ. ಇನ್ನೊಮ್ಮೆ ವಾಣಿವಿಲಾಸ ಸಾಗರ ಕೋಡಿ ಬಿದ್ದಾಗ. ಜಿಲ್ಲೆಗೆ ಜಿಲ್ಲೆಯೇ ನೋಡಲು ಹೋಗಿ ಕಣ್ಣೀರು ಹಾಕುತ್ತಿತ್ತು, ಇವರು ಹತ್ತು ನಿಮಿಷ ನೀರು ನೋಡಿ, "ಪರವಾಗಿಲ್ಲ" ಎಂದು ಬಸ್ಸು ಹತ್ತಿದರಂತೆ. ಮದುವೆಯಾಗಿ ಹನ್ನೆರಡು ವರ್ಷದಲ್ಲಿ ಅಳಿಯನಿಗೆ ಆ ಮಾತು ಒಮ್ಮೆಯೂ ಸಿಕ್ಕಿರಲಿಲ್ಲ. ಗೊಲ್ಲಪ್ಪನಿಗೆ ಬೇರೆ ಯಾವ ಆಸೆಯೂ ಇರಲಿಲ್ಲ. ಅದೊಂದು ಮಾತು ಬೇಕಿತ್ತು.

ಹೊಳಲ್ಕೆರೆಯಲ್ಲಿ ನಾಮಕರಣದ ಊಟಕ್ಕೆ ಕೂತಾಗ ಅವನ ಬಾಯಿ ಸುಮ್ಮನಿರಲಿಲ್ಲ. "ನಾಲ್ಕು ತಾಲ್ಲೂಕಿಂದು ಲೀಗ್ ನಡೀತೈತೆ ಮಾವ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ. ಅದರ ಫಾರ್ಮ್ಯಾಟ್ ಪೂರಾ ನಂದೇ" ಎಂದುಬಿಟ್ಟ. ಆಗ ಲೀಗೂ ಇರಲಿಲ್ಲ, ಫಾರ್ಮ್ಯಾಟೂ ಇರಲಿಲ್ಲ.

ಕರಿಯಣ್ಣನವರು ಪಾಯಸದಿಂದ ತಲೆಯೆತ್ತಿದರು. "ಯಾವ ಆಟ?"

"ಚೆಂಡಾಟ ಮಾವ."

"ಹಂಗಾರೆ ಹೊಳಲ್ಕೆರೆ ತಂಡ ನಾನು ನೋಡ್ಕಂತಿನಿ."

ಮುಂದಿನ ಭಾನುವಾರ ಹನ್ನೊಂದು ಗಂಟೆಗೆ ಅವರು ಬಿಳಿ ಕ್ಯಾನ್ವಾಸ್ ಶೂ ಹಾಕಿಕೊಂಡು, ಕೊರಳಿಗೆ ವಿಶಲ್ ನೇತುಹಾಕಿಕೊಂಡು ಗೊಲ್ಲಪ್ಪನ ಮನೆಗೆ ಬಂದು, "ಮೈದಾನ ಎಲ್ಲೈತೆ?" ಎಂದರು. ಗೊಲ್ಲಪ್ಪ ಮೇಜು ತೋರಿಸಿದ. ಲತಾ ಅಡಿಗೆಮನೆ ಬಾಗಿಲಲ್ಲಿ ನಿಂತು ಸೆರಗು ಬಾಯಿಗೆ ಒತ್ತಿಕೊಂಡಳು. ಕರಿಯಣ್ಣನವರು ರಟ್ಟು ನೋಡಿದರು, ನಾನು ಹಸಿರು ಬಳಿದಿದ್ದ ಹನ್ನೊಂದು ರಾಕ್ಷಸರನ್ನು ನೋಡಿದರು. ಅಂಗೈಯಲ್ಲಿ ಒಬ್ಬನನ್ನು ಎತ್ತಿಕೊಂಡು ತೋಳು, ತೊಡೆ, ಭುಜ ಪರೀಕ್ಷಿಸಿದರು. ಆಮೇಲೆ ಹನ್ನೊಂದನ್ನೂ ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿ ವಿಶಲ್ ಊದಿದರು. "ಶುರು ಮಾಡ್ರಿ" ಎಂದರು.

ಹೀಗೆ ಲೀಗು ಹುಟ್ಟಿತು. ಹೊಳಲ್ಕೆರೆಗೆ ಕರಿಯಣ್ಣನವರ ರಾಕ್ಷಸರು. ಚಿತ್ರದುರ್ಗಕ್ಕೆ ನಿರಂಜನನ ಬೇತಾಳಗಳು. ಹಿರಿಯೂರಿಗೆ ನನ್ನ ಕುಬ್ಜರು. ಹೊಸದುರ್ಗಕ್ಕೆ ಅಂಜಲಿಯ ಗಂಧರ್ವರು. ಅಂಜಲಿ ಹೊಸದುರ್ಗದಲ್ಲಿ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿರುವ ಹುಡುಗಿ, ಗೊಲ್ಲಪ್ಪನಿಗೆ ದೂರದಿಂದ ತಂಗಿಯಾಗಬೇಕು. ಗೊಲ್ಲಪ್ಪ ತಂಡ ಕಟ್ಟಲಿಲ್ಲ. ಕಾನೂನು ಬರೆಯುವವನು ಆಡಬಾರದು ಎಂದ. ಬಸ್ಸಿನ ವೇಳಾಪಟ್ಟಿಯ ಹಾಳೆಯ ಮೇಲೆ ಒಂಬತ್ತು ಪುಟ ಕಾಯ್ದೆ ಬರೆದ. ಪ್ರತಿ ತಂಡವೂ ಉಳಿದ ಮೂರರ ಜೊತೆ ಎರಡೆರಡು ಸಲ ಆಡಬೇಕು, ಮೊದಲನೆಯದು 'ಅಪ್', ಎರಡನೆಯದು 'ಡೌನ್'. ತಡವಾಗಿ ಬಂದವರಿಗೆ ಕಾರಣ ಕೇಳಿ ನೋಟಿಸು. ಅವನಿಗೆ ಬಹಳ ಹೆಮ್ಮೆಯಿದ್ದದ್ದು ಹದಿನಾಲ್ಕನೇ ಕಲಂ ಬಗ್ಗೆ: ಗೆದ್ದವನ ಬಲ ಗೆದ್ದವನಿಗೆ, ಸತ್ತವರು ಸತ್ತಂತೆ.

ಈ ಹದಿನಾಲ್ಕನೇ ಕಲಂ ಕರಿಯಣ್ಣನವರ ಕೈಯಲ್ಲಿ ಏನಾಗಬಹುದು ಎಂದು ಯಾರೂ ಊಹಿಸಿರಲಿಲ್ಲ. ಅವರ ತಂಡದಲ್ಲಿ ಎಲ್ಲರಿಗಿಂತ ದೊಡ್ಡ ರಾಕ್ಷಸನಿಗೆ ಅವರು ತಮ್ಮ ಹಳೆಯ ಗುಂಡೆಸೆತದ ಹುಡುಗನ ಹೆಸರಿಟ್ಟಿದ್ದರು, ಬಂಡೆಪ್ಪ ಅಂತ. ಹೆಡ್‌ಮೇಷ್ಟ್ರ ಸೈಕಲ್ಲು ನುಗ್ಗುಮಾಡಿದವನೇ. ಬಂಡೆಪ್ಪ ಮೊದಲ ಪಂದ್ಯದಲ್ಲಿ ನನ್ನ ಇಬ್ಬರು ಕುಬ್ಜರನ್ನು ಮುಗಿಸಿದ, ಎರಡು ಬೊಟ್ಟು ಗಳಿಸಿದ. ಎರಡನೆಯದರಲ್ಲಿ ಬೇತಾಳಗಳ ಮೇಲೆ ಬಿದ್ದ, ಮತ್ತೆ ಎರಡು ಬೊಟ್ಟು. ನನ್ನ ಕೆಂಪು ಬಣ್ಣದ ಸಣ್ಣ ಡಬ್ಬಿ ಖಾಲಿಯಾಗುತ್ತ ಬಂತು. ಇದನ್ನು ಹೇಳಲು ನನಗೆ ಸಂಕೋಚವಿಲ್ಲ, ಆ ಗೊಂಬೆಯನ್ನು ಕಂಡರೆ ನನಗೇ ಭಯಭಕ್ತಿ ಬರುತ್ತಿತ್ತು. ಅದಕ್ಕೆ ಕಣ್ಣು ಬರೆದವನೇ ನಾನು.

ಮೂರನೆಯ ಪಂದ್ಯ ಹೊಸದುರ್ಗದ ಮೇಲೆ. ಅಂಜಲಿಯ ಗಂಧರ್ವರು ನೋಡಲು ಚೆಂದ, ಓಟದಲ್ಲಿ ಗಾಳಿ, ಮುಟ್ಟಿದರೆ ಸಾವು. ಹಿಂದಿನ ಪಂದ್ಯಗಳಲ್ಲೇ ನಾಲ್ಕು ಹೋಗಿದ್ದವು. ಆ ದಿನ ಒಂದು ಗಂಟೆಯೊಳಗೆ ಬಂಡೆಪ್ಪ ಮತ್ತೆ ಮೂರನ್ನು ಕೊಂದು, ಎರಡರ ಕಾಲು ಮುರಿದ.

ಅಂಜಲಿ ಡೈಸ್ ಮೇಜಿನ ಮೇಲಿಟ್ಟಳು. "ಗೊಲ್ಲಪ್ಪಣ್ಣ, ನನ್ನ ಹತ್ರ ಉಳಿದಿರೋದು ನಾಲ್ಕು ಜನ. ಅದ್ರಾಗೆ ಇಬ್ರು ಕುಂಟರು. ನಾನಿನ್ನು ಬರಲ್ಲ."

"ಹಂಗಂದ್ರೆ ಹೆಂಗವ್ವ? ಮೂರೇ ತಂಡ ಆಗ್ತವೆ."

"ಮೂರು ತಂಡಕ್ಕೆ ಲೀಗ್ ಅನ್ನಲ್ಲ, ಹರಟೆ ಅಂತಾರೆ" ಎಂದು ಕರಿಯಣ್ಣನವರು ಶೂ ಲೇಸು ಕಟ್ಟಿಕೊಳ್ಳತೊಡಗಿದರು. "ಅವಳು ಬರದಿದ್ರೆ ನಾನೂ ಬರಲ್ಲ."

ಉಪ್ಪಿಟ್ಟು ತಿಂದು ಹೋಗಿ ಎಂದು ಲತಾ ಅಪ್ಪನನ್ನು ತಡೆದು ಕೂರಿಸಿದಳು. ಗೊಲ್ಲಪ್ಪನ ಮುಖ ನೋಡಲಾಗಲಿಲ್ಲ. ಲೀಗು ಹೋದರೆ ಮಾವನ ಆ ಒಂದು ಮಾತೂ ಹೋದಂತೆಯೇ. ಏನು ಮಾಡಬೇಕೆಂದು ತೋಚದೆ ಅವನು ತನಗೆ ಗೊತ್ತಿದ್ದ ಕೆಲಸ ಮಾಡಿದ. ಫೋನು ತೆಗೆದು ಪಂದ್ಯದ ವರದಿಯನ್ನು ಲೀಗಿನ ಗ್ರೂಪಿಗೆ ಹಾಕಿ, ಫೋನನ್ನು ಚಾರ್ಜಿಗಿಟ್ಟ. ವರದಿ ಹೀಗಿತ್ತು:

'ಹೊಸದುರ್ಗ–ಹೊಳಲ್ಕೆರೆ. ಮೃತರು 3. ಕಾಲು ಮುರಿದವರು 2. ಕಾರಣ: ಕರಿಯಣ್ಣನವರು. ಹೆಚ್ಚಿನ ವಿವರ ಸಂಜೆಗೆ. ಇಂತಿ, ಗೊಲ್ಲಪ್ಪ, ಹಿರಿಯೂರು ಬಸ್ ನಿಲ್ದಾಣ.'

ಹೆಸರಿನ ಕೆಳಗೆ ಬಸ್ ನಿಲ್ದಾಣ ಎಂದು ಬರೆಯುವುದು ಅವನಿಗೆ ಕೈಗೆ ಬಂದ ರೂಢಿ. ಗ್ರೂಪು ಮಾತ್ರ ತಪ್ಪಿತ್ತು. ಅದು ಹೋದದ್ದು ಅವರ ಬೀಗರು-ನೆಂಟರ ಗ್ರೂಪಿಗೆ, ಅಲ್ಲಿ ನೂರ ಹನ್ನೆರಡು ಜನ ಇದ್ದರು.

ಐದು ನಿಮಿಷಕ್ಕೆ ಲತಾಳ ಫೋನು ಬಡಿದುಕೊಳ್ಳತೊಡಗಿತು. ಮೊದಲು ಅವಳ ಚಿಕ್ಕಪ್ಪ. "ಯಾವ ಬಸ್ಸವ್ವ? ಎಲ್ಲಿ ಉಲ್ಟಾ ಆಗಿದ್ದು?" ಆಮೇಲೆ ಅತ್ತಿಗೆ. "ಎಪ್ಪತ್ತು ವರ್ಷದ ಮುದುಕನ ಕೈಗೆ ಸ್ಟೇರಿಂಗ್ ಕೊಟ್ಟೋರು ಯಾರು?" ಇನ್ನೊಬ್ಬರು, ಪಿ.ಟಿ. ಮೇಷ್ಟ್ರಾಗಿದ್ದಾಗಲೇ ಅವರಿಗೆ ಸ್ಪೀಡು ಜಾಸ್ತಿ ಇತ್ತು ಎಂದು ನೆನೆದು ಅತ್ತರು. ಸುದ್ದಿ ಒಬ್ಬರಿಂದ ಒಬ್ಬರಿಗೆ ಹೋಗಿ, ಮೂವರು ಹದಿಮೂವರಾಗಿ, ಅವರೆಲ್ಲ ಹಾಲುರಾಮೇಶ್ವರಕ್ಕೆ ಹೊರಟಿದ್ದ ಯಾತ್ರಿಕರು ಎಂಬಲ್ಲಿಗೆ ಬಂದು ನಿಂತಿತು. ಲತಾ, "ಅಪ್ಪ ಇಲ್ಲೇ ಉಪ್ಪಿಟ್ಟು ತಿಂತಾ ಕುಂತಾರೆ" ಎಂದರೆ, "ಅಯ್ಯೋ ಪಾಪ, ಶಾಕ್‌ನಾಗೆ ಏನೇನೋ ಮಾತಾಡ್ತಾಳೆ" ಎಂದು ಫೋನಿಟ್ಟರು.

ಅರ್ಧ ಗಂಟೆಗೆ ಕಾನ್‌ಸ್ಟೇಬಲ್ ಹಾಲೇಶ್ ಬಂದರು. ಬಾಗಿಲಲ್ಲೇ ನಿಂತು, "ಗೊಲ್ಲಪ್ಪ ಅಂದ್ರೆ ಯಾರ್ರಿ? ಹೆಣ ಎಲ್ಲವೆ?" ಎಂದರು.

ಗೊಲ್ಲಪ್ಪ ಒಂದು ಸ್ವೀಟ್ ಡಬ್ಬಿ ತಂದು ತೆರೆದ. ಒಳಗೆ ಹತ್ತಿಯ ಮೇಲೆ ಮೂರು ಗಂಧರ್ವರು ಮಲಗಿದ್ದರು. ಹಾಲೇಶ್ ಬಹಳ ಹೊತ್ತು ನೋಡಿದರು. ಬೈಯುತ್ತಾರೆ ಎಂದು ನಾವೆಲ್ಲ ತಲೆ ತಗ್ಗಿಸಿದೆವು. ಅವರು ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡು, "ಇವನಿಗೆ ಎಲ್ಲಿ ಪೆಟ್ಟು?" ಎಂದರು.

"ಕುತ್ತಿಗೆಗೆ ಸಾರ್. ಡೈಸ್‌ನಾಗೆ ಆರು ಬಿತ್ತು."

"ಹೊಡೆದೋರು?"

ಕರಿಯಣ್ಣನವರು ಎದ್ದು ಅಟೆನ್ಷನ್‌ನಲ್ಲಿ ನಿಂತರು. "ನಾನೇ. ಕಾಯ್ದೆ ಪ್ರಕಾರ ಹೊಡೆದಿನಿ."

"ಕಾಯ್ದೆ ತೋರಿಸ್ರಿ."

ಒಂಬತ್ತೂ ಪುಟಗಳನ್ನು ಹಾಲೇಶ್ ಎರಡು ಲೋಟ ಕಾಫಿಯಲ್ಲಿ ಓದಿ ಮುಗಿಸಿದರು. ಗೊಲ್ಲಪ್ಪನ ಬರವಣಿಗೆಯನ್ನು ಇಷ್ಟು ಶ್ರದ್ಧೆಯಿಂದ ಓದಿದವರು ಅವರೇ ಮೊದಲು. ಕೊನೆಗೆ ಬೆರಳಿಟ್ಟು, "ಹದಿನಾಲ್ಕನೇ ಕಲಂನಾಗೆ ಲೋಪ ಐತೆ ನೋಡ್ರಿ. ಗೆದ್ದೋನಿಗೆ ಬಲ, ಬಲ ಬಂದಿದ್ದಕ್ಕೆ ಮತ್ತೆ ಗೆಲುವು, ಮತ್ತೆ ಬಲ. ಕೊನಿಗೆ ಒಬ್ಬನೇ ಉಳಿತಾನೆ. ಆಮೇಲೆ ಅವನು ಯಾರ ಜೊತಿಗೆ ಆಡ್ತಾನೆ?" ಎಂದರು.

"ಹಂಗಾದ್ರೆ ಗೆದ್ದೋನ ಬಲ ಕಿತ್ಕಳಾಣೇನು?" ಎಂದು ಗುಡುಗಿದರು ಕರಿಯಣ್ಣನವರು. "ಬೆವರು ಸುರಿಸಿ ತಯಾರು ಮಾಡಿರೋ ಹುಡುಗ್ರು!"

ಯಾರ ಬೆವರು ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಕಿತ್ತುಕೊಂಡರೆ ಮಾವ ಹೋಗುತ್ತಾರೆ, ಬಿಟ್ಟರೆ ಅಂಜಲಿ ಹೋಗುತ್ತಾಳೆ. ಗೊಲ್ಲಪ್ಪ ಪೆನ್ನಿನ ಹಿಂಬದಿ ಕಚ್ಚುತ್ತ ಕೂತ. ಅಷ್ಟರಲ್ಲಿ ಬೀದಿ ಬಾಗಿಲಲ್ಲಿ ಹಾಡಿ ಅಳುವ ದನಿ ಕೇಳಿತು.

"ಅಯ್ಯೋ ನನ್ನ ಬೀಗಾ... ಈ ವಯಸ್ನಾಗೆ ನಿಂಗ್ಯಾಕಪ್ಪ ಬಸ್ಸಿನ ಚಕ್ರಾ..."

ಗೊಲ್ಲಪ್ಪನ ದೊಡ್ಡವ್ವ ಓಬವ್ವ. ಸುದ್ದಿ ಕೇಳಿ ಧರ್ಮಪುರದಿಂದ ಸಿಕ್ಕ ಬಸ್ಸಿಗೆ ಬಂದಿದ್ದಳು, ಕಂಕುಳಲ್ಲಿ ಒಂದು ಚೀಲ ಶೇಂಗಾ. ಒಳಗೆ ಬಂದವಳು ಕರಿಯಣ್ಣನವರು ಕಾಫಿ ಕುಡಿಯುತ್ತಿರುವುದನ್ನು ಕಂಡು ರಾಗದ ನಡುವೆಯೇ ನಿಂತಳು.

"ಬೀಗರೇ, ನೀವು ಬಸ್ಸು ಓಡಿಸ್ಲಿಲ್ವಾ?"

"ನಂಗೆ ಸ್ಕೂಟ್ರೂ ಬರಲ್ಲ ಬೀಗತಿ. ಕುಂತ್ಕಳ್ರಿ."

"ಮತ್ತೆ ಸತ್ತಿದ್ಯಾರು?"

ಗೊಲ್ಲಪ್ಪ ಡಬ್ಬಿ ತೋರಿಸಿದ. ಓಬವ್ವ ನಗುತ್ತಾಳೆ ಎಂದುಕೊಂಡೆ. ಅವಳು ನೆಲಕ್ಕೆ ಕೂತು, ಮೂರನ್ನೂ ಒಂದೊಂದಾಗಿ ಅಂಗೈಯಲ್ಲಿ ಹಿಡಿದು, "ಎಂಥ ಚೆಂದ ಮಕ ಬರ್ದಾರೆ ಪುಣ್ಯಾತ್ಮರು. ಇಷ್ಟು ದೂರ ಬಂದಿದಿನಿ" ಎಂದು ಎರಡು ಸಾಲು ಅತ್ತಳು. ಆಣೆಯಾಗಿ ಹೇಳುತ್ತೇನೆ, ಆ ಮುಖ ಬರೆದ ನನಗೂ ಕಣ್ಣು ತುಂಬಿತು. ನಲವತ್ತು ವರ್ಷ ಬೋರ್ಡು ಬರೆದಿದ್ದೇನೆ, ಒಂದು ಅಕ್ಷರಕ್ಕೂ ಯಾರೂ ಅತ್ತಿರಲಿಲ್ಲ.

ಮೂಗು ಒರೆಸಿಕೊಂಡ ಮೇಲೆ ಅವಳು ಮೇಜಿನ ಕಡೆ ನೋಡಿದಳು. "ಈ ಕಡಿಗೆ ಹನ್ನೊಂದು ಕೊಬ್ಬಿದ ಟಗರು ಅವೆ. ಆ ಹುಡುಗಿ ಕಡಿಗೆ ನಾಲ್ಕು ಮರಿ. ಯಾಕೆ, ಪಾಲಿಗೆ ಬಿಟ್ಟಿಲ್ವಾ?"

"ಹಂಗಂದ್ರೆ?" ಎಂದಳು ಅಂಜಲಿ.

"ಹಿಂಡು ಬಲಿತೋರು ಹಿಂಡು ಹೋದೋರಿಗೆ ಪಾಲಿಗೆ ಬಿಡಲ್ವಾ? ನಮ್ಮ ಹಟ್ಟಿಯಾಗೆ ರೋಗ ಬಂದು ಒಬ್ಬೋನ ಕುರಿ ಎಲ್ಲ ಸತ್ರೆ, ಇನ್ನೊಬ್ಬ ಒಂದು ಕುರಿ ಕೊಡ್ತಾನೆ. ಇವನು ಮೇಯಿಸ್ಬೇಕು. ಎರಡು ಮರಿ ಹಾಕಿದ್ರೆ ಒಂದು ಸಾಕಿದೋನಿಗೆ, ಒಂದು ಕೊಟ್ಟೋನಿಗೆ. ತಾಯಿ ಕುರಿ ಕೊನಿಗೆ ಕೊಟ್ಟೋನ ಹಿಂಡಿಗೇ ವಾಪಸ್ಸು. ಇಬ್ರ ಹಿಂಡೂ ಉಳಿತಾವೆ."

"ಮಧ್ಯದಾಗೆ ಸತ್ರೆ?" ಎಂದರು ಹಾಲೇಶ್.

"ಚರ್ಮ ತಂದು ತೋರಿಸ್ಬೇಕು."

"ಸಾಕ್ಷಿ!" ಎಂದು ಹಾಲೇಶ್ ತೊಡೆ ತಟ್ಟಿಕೊಂಡರು. "ಬರ್ಕಳ್ರಿ ಗೊಲ್ಲಪ್ಪ, ಬರ್ಕಳ್ರಿ."

ಗೊಲ್ಲಪ್ಪ ಬರೆದುಕೊಂಡ. ಹದಿನಾಲ್ಕನೇ ಕಲಂ ಕೆಳಗೇ ಜಾಗ ಮಾಡಿಕೊಂಡು ಬರೆದ. ಹತ್ತು ವಾರ ತಲೆ ಕೆಡಿಸಿಕೊಂಡು, ಒಂಬತ್ತು ಪುಟ ಬರೆದು ಅವನು ಹುಡುಕುತ್ತಿದ್ದದ್ದು ತನ್ನ ಹಟ್ಟಿಯಲ್ಲೇ ಇತ್ತು. ಮೊದಲ ಸುತ್ತಿನಲ್ಲಿ ಮೇಲಿರುವ ತಂಡ ಒಬ್ಬ ಆಟಗಾರನನ್ನು ಕೆಳಗಿರುವ ತಂಡಕ್ಕೆ ಪಾಲಿಗೆ ಬಿಡತಕ್ಕದ್ದು. ಅವನು ಗಳಿಸುವ ಬೊಟ್ಟಿನಲ್ಲಿ ಅರ್ಧ ಸಾಕಿದವರಿಗೆ, ಅರ್ಧ ಬಿಟ್ಟವರಿಗೆ. ಲೀಗು ಮುಗಿದ ಮೇಲೆ ಅವನು ತವರಿಗೆ ವಾಪಸ್ಸು.

ನಿರಂಜನ್ ಮೆಲ್ಲಗೆ, "ಯಾರನ್ನ ಬಿಡೋದು ಅಂತ ಇಲ್ವಲ್ಲ. ಕುಂಟನನ್ನ ಕೊಟ್ರೆ?" ಎಂದ.

ಓಬವ್ವ ಕರಿಯಣ್ಣನವರ ಕಡೆ ತಿರುಗಿದಳು. "ಕುಂಟ್ ಕುರಿ ಪಾಲಿಗೆ ಬಿಡೋ ಮನೆತನಾನ ನಿಮ್ದು, ಬೀಗರೇ?"

ಎಲ್ಲರ ಕಣ್ಣೂ ಆ ಹನ್ನೊಂದು ರಾಕ್ಷಸರ ಮೇಲೆ. ಕರಿಯಣ್ಣನವರು ಸಾಲಿನ ಒಂದು ತುದಿಯಿಂದ ಇನ್ನೊಂದು ತುದಿಗೆ ನೋಡಿದರು. ಆಮೇಲೆ ಎರಡು ಬೆರಳಲ್ಲಿ ಬಂಡೆಪ್ಪನನ್ನು ಎತ್ತಿ ಅಂಜಲಿಯ ಅಂಗೈಯಲ್ಲಿಟ್ಟರು. "ಎಡಗಡೆಗೆ ಸ್ವಲ್ಪ ನಿಧಾನ ತಿರುಗ್ತಾನೆ. ನೋಡ್ಕಳವ್ವ" ಎಂದು ಕಿಟಕಿಯ ಕಡೆ ಮುಖ ಮಾಡಿದರು.

ಎರಡನೇ ಸುತ್ತು ನಡೆದ ಆರು ವಾರಗಳ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ, ಯಾಕೆಂದರೆ ಸಾಕುಮನೆಯಲ್ಲಿ ಬಂಡೆಪ್ಪ ಮೊದಲು ಮಾಡಿದ್ದು ನನ್ನ ಕುಬ್ಜರ ಕಥೆ ಮುಗಿಸುವ ಕೆಲಸ. ಪ್ರತಿ ಪಂದ್ಯದ ನಂತರ ಅಂಜಲಿ ಲೆಕ್ಕ ತಪ್ಪದೆ ಅರ್ಧ ಬೊಟ್ಟು ಹೊಳಲ್ಕೆರೆಗೆ ಒಪ್ಪಿಸುತ್ತಿದ್ದಳು. ಕರಿಯಣ್ಣನವರು ತಮ್ಮ ಪಂದ್ಯ ಇಲ್ಲದ ಭಾನುವಾರವೂ ಬರತೊಡಗಿದರು. ಬಂದು, ಬೊಟ್ಟು ತೆಗೆದುಕೊಂಡು, "ಹುಡುಗ ಹೆಂಗವ್ನೆ?" ಎಂದು ಕೇಳಿ ಹೋಗುತ್ತಿದ್ದರು.

ಕೊನೆಯ ಪಂದ್ಯ ಹೊಳಲ್ಕೆರೆ-ಹೊಸದುರ್ಗ. ಕರಿಯಣ್ಣನವರು ಅಲ್ಲಿಯವರೆಗೆ ಒಂದೂ ಪಂದ್ಯ ಸೋತಿರಲಿಲ್ಲ, ಗೆದ್ದವರಿಗೆಂದು ಇಟ್ಟಿದ್ದ ಕಪ್ ಆಗಲೇ ಅವರದಾಗಿತ್ತು. ಆದರೆ ಸೋಲು ಎಂಬುದು ಅವರಿಗೆ ರೂಢಿಯಿಲ್ಲ, ಅದರಲ್ಲೂ ಅಳಿಯ ಬರೆದ ಕಾಯ್ದೆಯಿಂದ, ತಮ್ಮದೇ ಬಂಡೆಪ್ಪನಿಂದ ಸೋತರೆ ಏನು ಮಾಡಿಯಾರು? ಮೇಜು ಎತ್ತಿ ಹಾಕಿ ಹೋದರೆ ಇನ್ನು ಈ ಜನ್ಮದಲ್ಲಿ 'ಪರವಾಗಿಲ್ಲ' ಇಲ್ಲ. ಗೊಲ್ಲಪ್ಪ ಬೆಳಿಗ್ಗೆಯಿಂದ ನೀರೂ ಕುಡಿದಿರಲಿಲ್ಲ. ಓಬವ್ವ ಧರ್ಮಪುರದಿಂದ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದಳು. ಹಾಲೇಶ್ ರಜೆ ಹಾಕಿ ಬಂದಿದ್ದರು.

ಒಂದು-ಒಂದು ಆಗಿತ್ತು. ಕೊನೆಯ ಸರದಿ, ಅಂಜಲಿಯದು. ಶೇಂಗಾ ಬೀಜ ಬಂಡೆಪ್ಪನ ಕೈಯಲ್ಲಿ. ಗೆರೆಗೆ ಮೂರು ಚೌಕ, ನಡುವೆ ಇಬ್ಬರು ರಾಕ್ಷಸರು, ಅವನ ಜೊತೆ ಬೆಳೆದವರೇ. ಅಂಜಲಿ ಡೈಸ್ ಕುಲುಕಿ ಬಿಟ್ಟಳು. ಮೊದಲನೆಯವನು ಉರುಳಿದ. ಮತ್ತೆ ಕುಲುಕಿದಳು. ಡೈಸು ಮೇಜಿನ ತುದಿಯವರೆಗೆ ಓಡಿ ತಿರುಗತೊಡಗಿತು.

"ಹಾಕು ಬಂಡೆಪ್ಪಾ! ಎಡಕ್ಕೆ ತಿರುಗ್ಬೇಡ!" ಎಂದು ಯಾರೋ ಕಿರುಚಿದರು. ನೋಡಿದರೆ ಕರಿಯಣ್ಣನವರು. ಅವರು ಕುರ್ಚಿಯ ಮೇಲೆ ನಿಂತಿದ್ದರು.

ಆರು ಬಿತ್ತು. ಎರಡನೆಯವನೂ ಉರುಳಿದ. ಬಂಡೆಪ್ಪ ಗೆರೆ ದಾಟಿದ. ಹೊಳಲ್ಕೆರೆ ಸೋತಿತು. ಕರಿಯಣ್ಣನವರು ವಿಶಲ್ ಬಾಯಿಗಿಟ್ಟು, ತಮ್ಮ ವಿರುದ್ಧದ ಗೋಲಿಗೆ, ಹೊಳಲ್ಕೆರೆಗೆ ಕೇಳಿಸುವ ಹಾಗೆ ಊದಿದರು. ಕುರ್ಚಿಯಿಂದ ಇಳಿದು ಚೆಂಡನ್ನೂ ಬಂಡೆಪ್ಪನನ್ನೂ ಒಟ್ಟಿಗೇ ಎತ್ತಿಕೊಂಡರು. ಆ ಸಂಭ್ರಮದಲ್ಲಿ ಬಂಡೆಪ್ಪ ಜೇಬಿಗೆ ಹೋದ, ಚೆಂಡು ಬಾಯಿಗೆ ಹೋಯಿತು.

ಗೊಲ್ಲಪ್ಪ ಕಾಯ್ದೆಯ ಮನುಷ್ಯ. ಪಂದ್ಯ ಮುಗಿದ ಮೇಲೆ ಚೆಂಡನ್ನು ಡಬ್ಬಿಗೆ ಒಪ್ಪಿಸಬೇಕು ಎಂದು ಐದನೇ ಕಲಂನಲ್ಲಿದೆ. "ಚೆಂಡೆಲ್ಲಿ? ಚೆಂಡೆಲ್ಲಿ?" ಎನ್ನುತ್ತ ಅವನು ಮೇಜಿನ ಕೆಳಗೆ ನುಸುಳಿದ.

ಆಗ ಕರಿಯಣ್ಣನವರು ಮೇಜಿನ ಮೇಲೆ ಬಿದ್ದಿದ್ದ ಒಂಬತ್ತು ಪುಟದ ಕಾಯ್ದೆಯನ್ನು ಎತ್ತಿ, ಹದಿನಾಲ್ಕನೇ ಕಲಂ ತೆಗೆದು, ಕೈ ಚಾಚಿ ದೂರ ಹಿಡಿದು ಓದಿದರು. ಕೋಡಿಯ ನೀರು ನೋಡಿದಷ್ಟೇ ಹೊತ್ತು ಅದನ್ನು ನೋಡಿದರು. ಶೇಂಗಾ ಅಗಿಯುತ್ತ ಹೇಳಿದರು, "ಅಳಿಯ ಪರವಾಗಿಲ್ಲ."

ನಾನು ಕೇಳಿದೆ. ಓಬವ್ವ ಕೇಳಿದಳು. ಹಾಲೇಶ್ ಗಡಿಯಾರ ನೋಡಿ ಹೊತ್ತನ್ನು ಬರೆದುಕೊಂಡರು. ಅಡಿಗೆಮನೆ ಬಾಗಿಲಲ್ಲಿ ಲತಾ ಗೋಡೆ ಹಿಡಿದುಕೊಂಡಳು. ಕೇಳದವನು ಒಬ್ಬನೇ. ಅವನು ತಲೆಗೆ ಜೇಡರ ಬಲೆ ಮೆತ್ತಿಕೊಂಡು ಹೊರಗೆ ಬಂದ.

"ಏನೋ ಅಂದಂಗಾತು ಮಾವ?"

"ಚೆಂಡು ಸಿಕ್ತಾ ಅಂದೆ" ಎಂದರು ಕರಿಯಣ್ಣನವರು. ನುಂಗಿ, ಬಾಯಿ ಒರೆಸಿಕೊಂಡು, ಕಪ್ ಎತ್ತಿಕೊಂಡು ನಾಲ್ಕು ಗಂಟೆಯ ಬಸ್ಸಿಗೆ ಹೋದರು.

ಎಲ್ಲರೂ ಹೋದ ಮೇಲೆ ನಾನು ಗೊಲ್ಲಪ್ಪನಿಗೆ ನಡೆದದ್ದನ್ನು ಹೇಳಿದೆ. ಅವನು ನಂಬಲಿಲ್ಲ. ಓಬವ್ವನ ಮೇಲೆ ಆಣೆ ಹಾಕಿದೆ. ಅವನು ನೆಲದ ಮೇಲೆ ಕುಕ್ಕರಿಸಿದ. "ಯಾವ ದನಿಯಾಗೆ ಅಂದ್ರು ಆರ್ಟಿಸ್ಟ್ರೇ? ಒಂದ್ಸಲ ಅವರಂಗೇ ಅನ್ರಿ" ಎಂದ.

ನಾನು ಎದ್ದು ನಿಂತೆ. ಎದೆ ಸೆಟೆಸಿದೆ. ಓಬವ್ವ ತಂದಿದ್ದ ಚೀಲದಿಂದ ಒಂದು ಶೇಂಗಾ ಬೀಜ ಬಾಯಿಗೆ ಹಾಕಿಕೊಂಡು, ಕಾಯ್ದೆಯ ಹಾಳೆಯನ್ನು ದೂರ ಹಿಡಿದು, "ಅಳಿಯ ಪರವಾಗಿಲ್ಲ" ಎಂದೆ.

ಗೊಲ್ಲಪ್ಪ ಮೇಲೆದ್ದ. ಅಂಗಿ ಸರಿಮಾಡಿಕೊಂಡ. ಎರಡೂ ಕೈ ಜೋಡಿಸಿ, ಹನ್ನೆರಡು ವರ್ಷದಿಂದ ಸಿದ್ಧಮಾಡಿ ಇಟ್ಟುಕೊಂಡಿದ್ದ ಉತ್ತರವನ್ನು ನನ್ನ ಮುಖ ನೋಡಿಕೊಂಡೇ ಹೇಳಿದ.

"ಎಲ್ಲ ನಿಮ್ಮ ಆಶೀರ್ವಾದ ಮಾವ."